ನಿಮಗಿದು ಗೊತ್ತೇ? ಮದ್ದು, ಕೇಪು, ಕುದುರೆ

ತುಮಕೂರು ರಸ್ತೆಯ ಮಾಕಳಿ ಎಂದರೆ ಬಹಳ ಜನಕ್ಕೆ ಮೊದಲು ನೆನಪಾಗುವುದು ಹಿಮಾಲಯ ಔಷಧ ಕಂಪನಿ. ಮದ್ದು ತಯಾರಾಗುವ ಊರು ನಮ್ಮದು. ಕನ್ನಡದಲ್ಲಿ ಕಾಯಿಲೆಗೆ ಕುಡಿಯುವುದೂ ಮದ್ದು, ಕೋವಿಗೆ ತುಂಬುವುದೂ ಮದ್ದು. ತಮಿಳಿನ ಮರುಂದು, ಮಲಯಾಳದ ಮರುನ್ನು, ತೆಲುಗಿನ ಮಂದು, ಇವಕ್ಕೂ ಇದೇ ಜೋಡಿ ಅರ್ಥ. ಈ ಸಲದ ಅಂಕಣ ಎರಡನೆಯ ಮದ್ದಿನದು: ಕರಿಮದ್ದು, ಅದನ್ನು ನುಂಗುವ ಕೇಪಿನ ರಿವಾಲ್ವರ್, ಮತ್ತು ನಮ್ಮ ಮಲೆನಾಡು, ಕೊಡಗಿನ ಕೇಪಿನ ಕೋವಿ.

ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪೇ ಒದಗಿಸುತ್ತದೆ. ಅದಕ್ಕೇ ಗಾಳಿಯಾಡದ ನಳಿಗೆಯೊಳಗೂ ಇದು ಉರಿಯುತ್ತದೆ.

ಉರಿದ ಮದ್ದಿನ ಅರ್ಧಕ್ಕಿಂತ ಹೆಚ್ಚು ಭಾಗ ಅನಿಲವಾಗುವುದೇ ಇಲ್ಲ! ಘನರೂಪದಲ್ಲೇ ಉಳಿದು, ಸ್ವಲ್ಪ ಬಿಳಿ ಹೊಗೆಯಾಗಿ ಹಾರುತ್ತದೆ, ಮಿಕ್ಕಿದ್ದು ಮಸಿಯಾಗಿ ಕಬ್ಬಿಣಕ್ಕೆ ಅಂಟುತ್ತದೆ. ಈ ಅಂಕಣದ ಅರ್ಧ ಕಥೆ ಆ ಮಸಿಯದೇ.

ಇದ್ದಿಲಿಗೆ ಯುರೋಪಿನವರು ವಿಲೋ, ಆಲ್ಡರ್ ಮರ ಸುಟ್ಟರು. ಭಾರತದಲ್ಲಿ ಮದ್ದಿನ ಇದ್ದಿಲಿಗೆ ಹೆಸರಾದದ್ದು ತೊಗರಿ ಕಡ್ಡಿ. ಕಲಬುರಗಿಯ ಹೊಲಗಳಲ್ಲಿ ಕಟಾವಿನ ನಂತರ ರಾಶಿ ಬೀಳುವ ಅದೇ ಕಡ್ಡಿ.

ಅಮೆರಿಕದ ಅಂತರ್ಯುದ್ಧದಲ್ಲಿ ಲಿಂಕನ್ ಸರ್ಕಾರ ಕಾದಿದ್ದು ಬಹುಪಾಲು ನಮ್ಮ ದೇಶದ ಉಪ್ಪಿನಿಂದ ಎಂದರೆ ನಂಬುವಿರಾ? ಆ ಕಾಲದಲ್ಲಿ ಒಳ್ಳೆಯ ಪೆಟ್ಲುಪ್ಪಿನ ದೊಡ್ಡ ಕಣಜ ಭಾರತ, ಅದರಲ್ಲೂ ಬಿಹಾರ. 1861ರ ಕೊನೆಯಲ್ಲಿ ಲ್ಯಾಮೊಟ್ ಡುಪಾಂಟ್ ಎಂಬ ಮದ್ದಿನ ವ್ಯಾಪಾರಿ ಲಿಂಕನ್ ಸರ್ಕಾರದ ಪರವಾಗಿ ಇಂಗ್ಲೆಂಡಿಗೆ ಹೋಗಿ, ಅಲ್ಲಿ ಸಿಕ್ಕಷ್ಟೂ ಭಾರತದ ಪೆಟ್ಲುಪ್ಪನ್ನು ಕೊಂಡ. ಅಷ್ಟರಲ್ಲಿ ಟ್ರೆಂಟ್ ಎಂಬ ಹಡಗಿನ ವಿಚಾರಕ್ಕೆ ಎರಡೂ ದೇಶಗಳಿಗೆ ಮನಸ್ತಾಪ ಬಂದು ಸರಕು ಬಂದರಿನಲ್ಲೇ ನಿಂತಿತು. ರಾಜಿಯಾದ ಮೇಲಷ್ಟೇ ಬಿಡುಗಡೆಯಾಯಿತು.

ರಿವಾಲ್ವರಿಗೆ ಹೆಸರು ತಂದ ಸ್ಯಾಮ್ಯುಯೆಲ್ ಕೋಲ್ಟ್ 1830ರಲ್ಲಿ, 16ನೆಯ ವಯಸ್ಸಿನಲ್ಲಿ, ಕಾರ್ವೊ ಎಂಬ ಹಡಗಿನ ಆಳಾಗಿ ಬಾಸ್ಟನ್‌ನಿಂದ ಕಲ್ಕತ್ತೆಗೆ ಹೊರಟಿದ್ದ. ತಿರುಗುವ ಗುಂಡಿನ ಮನೆಯ ಮರದ ಮಾದರಿಯನ್ನು ಆ ಪಯಣದಲ್ಲೇ ಕೆತ್ತಿದ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರ ಫೆಬ್ರುವರಿ 25ರಂದು.

ಅವನಿಗೂ ಮೊದಲು, 1818ರಲ್ಲೇ, ಎಲೈಷಾ ಕಾಲಿಯರ್ ಎಂಬಾತ ಚಕಮಕಿ ಕಲ್ಲಿನ ರಿವಾಲ್ವರ್ ಮಾಡಿ ಪೇಟೆಂಟ್ ಪಡೆದಿದ್ದ. ಅವುಗಳಲ್ಲಿ ಕೆಲವು ಭಾರತಕ್ಕೂ ಬಂದಿದ್ದವು.

ಕೇಪು ಹುಟ್ಟಿದ್ದು ಒಬ್ಬ ಪಾದ್ರಿಯ ಬಾತುಕೋಳಿ ಬೇಟೆಯಿಂದ. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್‌ಗೆ ಒಂದು ತೊಂದರೆಯಿತ್ತು. ಚಕಮಕಿ ಕೋವಿಯಲ್ಲಿ ಮೊದಲು ಬಟ್ಟಲಿನ ಮದ್ದು ಝಗ್ಗೆನ್ನುತ್ತದೆ, ಆಮೇಲೆ ಈಡು ಹಾರುತ್ತದೆ. ಆ ಕಣ್ಣೆವೆಯ ಬಿಡುವಿನಲ್ಲಿ ಹಕ್ಕಿ ಎಚ್ಚೆತ್ತು ಹಾರಿಹೋಗುತ್ತಿತ್ತು. ಪೆಟ್ಟು ಬಿದ್ದರೆ ಸಾಕು ಸಿಡಿಯುವ ಫಲ್ಮಿನೇಟನ್ನು ಬಳಸುವ ಉಪಾಯವನ್ನು ಅವನು 1807ರಲ್ಲಿ ಪೇಟೆಂಟ್ ಮಾಡಿಸಿದ. ತಾಮ್ರದ ಪುಟ್ಟ ಟೋಪಿಯಂಥ ಕೇಪು ಬಂದದ್ದು ಅದಾದ ಕೆಲವು ವರ್ಷಗಳಿಗೆ. ನಮ್ಮ ಮಲೆನಾಡಿನ ಕೇಪಿನ ಕೋವಿ ಆ ವಂಶದ್ದು. ನಳಿಗೆಗೆ ಕಿಡಿ ಒಯ್ಯುವ ಸಣ್ಣ ತೂಬಿನ ಮೇಲೆ ಕೇಪು ಕೂರಿಸಿ ಹೊಡೆಯುವ ಕ್ರಮ ಎರಡು ಶತಮಾನದಿಂದ ಬದಲಾಗಿಲ್ಲ.

ಕನ್ನಡದಲ್ಲಿ ಕೋವಿಯ ಸುತ್ತಿಗೆಗೆ ಕುದುರೆ ಎನ್ನುತ್ತಾರೆ. ಮದ್ದನ್ನು ದೂಡಿ ಗಟ್ಟಿಸುವ ಸರಳು ಗಜ. ಒಂದು ಸಲ ತುಂಬಿದ್ದು ಒಂದು ಈಡು. ಕೋವಿ ಎಂದರೆ ಮೂಲದಲ್ಲಿ ಬರೀ ಕೊಳವೆ, ಅಚ್ಚ ದ್ರಾವಿಡ ಮಾತು. ತುಪಾಕಿ ತುರ್ಕಿಯಿಂದ ಬಂತು, ಬಂದೂಕು ಅರಬ್ಬಿಯಿಂದ. ಫಿರಂಗಿ ಎನ್ನುವಾಗ ನಾವು ಪರಂಗಿಯವನ ಹೆಸರನ್ನೇ ಹೇಳುತ್ತಿರುತ್ತೇವೆ. ಈ ನೆಲಕ್ಕೆ ಮದ್ದು ಯಾವ ಯಾವ ದಾರಿಯಲ್ಲಿ ಬಂತು ಎಂಬ ಚರಿತ್ರೆಯೆಲ್ಲ ಈ ನಾಲ್ಕೈದು ಮಾತಿನಲ್ಲಿ ಅಡಗಿದೆ.

1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕ್ರಿಸ್ತೋವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸ್ ನಾಯಕ ತನ್ನ ಸಣ್ಣ ಬಂದೂಕುಗಾರರ ತಂಡದೊಂದಿಗೆ ವಿಜಯನಗರದ ಪಕ್ಷದಲ್ಲಿದ್ದ. ಗೋಡೆಯ ಮೇಲೆ ತಲೆ ಎತ್ತಿದವರನ್ನು ಅವರು ಗುರಿಯಿಟ್ಟು ಉರುಳಿಸುತ್ತಿದ್ದರೆ, ಕೆಳಗೆ ರಾಯನ ಆಳುಗಳು ಗೋಡೆಯ ಕಲ್ಲು ಕೀಳುತ್ತಿದ್ದರು.

ಈಗ ರಿವಾಲ್ವರಿಗೆ ಬರೋಣ. ಕೇಪಿನ ರಿವಾಲ್ವರಿಗೆ ತೋಟೆ ಇಲ್ಲ. ಗುಂಡಿನ ಮನೆಯ ಆರು ಕೋಣೆಗಳಿಗೂ ಮುಂದಿನಿಂದಲೇ ಮದ್ದು ಸುರಿಯಬೇಕು. ಅದರ ಮೇಲೆ ಸೀಸದ ಗುಂಡು ಇಟ್ಟು, ನಳಿಗೆಯ ಕೆಳಗಿರುವ ಸನ್ನೆಯಿಂದ ಒತ್ತಬೇಕು. ಕೊನೆಗೆ ಹಿಂದಿನ ತೂಬುಗಳಿಗೆ ಕೇಪು. ಇಷ್ಟಕ್ಕೆ ಕೈ ಪಳಗಿದವರಿಗೂ ಕೆಲವು ನಿಮಿಷ ಬೇಕು. ಹಳಬರು ಆರರಲ್ಲಿ ಐದನ್ನೇ ತುಂಬಿ, ಖಾಲಿ ಕೋಣೆಯ ಮೇಲೆ ಕುದುರೆ ಇಳಿಸಿ ಇಡುತ್ತಿದ್ದರು.

ಗುಂಡು ಕೋಣೆಗಿಂತ ಒಂದು ಎಳೆ ದಪ್ಪಗಿರುತ್ತದೆ, ಬೇಕೆಂದೇ! ಒತ್ತಿದಾಗ ಅಂಚಿನಿಂದ ಸೀಸದ ತೆಳು ಬಳೆಯೊಂದು ಕತ್ತರಿಸಿ ಬೀಳುತ್ತದೆ. ಪೂರ್ತಿ ಬಳೆ ಬಿದ್ದರೆ ಗುಂಡು ಸುತ್ತಲೂ ಬಿಗಿಯಾಗಿ ಕೂತಿದೆ ಎಂದು ಅರ್ಥ. ಬಿದಿರಿನ ಪೆಟ್ಲಿಗೆ ಹಸಿ ಕಾಯಿ ತುರುಕಿ ಆಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಯಿ ಸಡಿಲವಾದರೆ ಪೆಟ್ಲು ಪುಸ್ಸೆನ್ನುತ್ತದೆ, ಬಿಗಿಯಾದರೆ ಮಾತ್ರ ಟಪ್ಪೆನ್ನುತ್ತದೆ.

ಒಂದು ಈಡಿಗೆ ಎಷ್ಟು ಮದ್ದು? ಅಳತೆ ಗ್ರೇನ್‌ನಲ್ಲಿ. ಗುರಿಕಾರರು ಗುರಿಹಲಗೆಗೆ ಬಳಸುವುದು ಹೆಚ್ಚಾಗಿ 15ರಿಂದ 25 ಗ್ರೇನ್. 20 ಗ್ರೇನ್ ಎಂದರೆ ಸುಮಾರು 1.3 ಗ್ರಾಂ. ನಮ್ಮ ಅಕ್ಕಸಾಲಿಗರ ತೂಕದಲ್ಲಿ ಹೇಳುವುದಾದರೆ 11 ಗುಲಗಂಜಿಯಷ್ಟು. 1847ರ ವಾಕರ್ ಕೋಲ್ಟ್ ಒಂದೇ ಕೋಣೆಯಲ್ಲಿ 60 ಗ್ರೇನ್ ನುಂಗುತ್ತಿತ್ತು, ತೂಕ 2 ಕಿಲೋಗಿಂತ ಹೆಚ್ಚು. ಅದನ್ನು ಸೊಂಟದಲ್ಲಿ ಹೊರುವುದು ಕಷ್ಟ, ಕುದುರೆಯ ಜೀನಿಗೆ ತೂಗುಹಾಕಿಕೊಂಡು ಒಯ್ಯುತ್ತಿದ್ದರು.

ಮದ್ದಿನ ಡಬ್ಬಿಯಿಂದ ನೇರ ಕೋಣೆಗೆ ಸುರಿಯುವುದು ದೊಡ್ಡ ತಪ್ಪು. ಒಳಗೆ ಒಂದು ಕಿಡಿ ಉಳಿದಿದ್ದರೆ ಕೈಯಲ್ಲಿರುವ ಡಬ್ಬಿಯೇ ಬಾಂಬಾಗುತ್ತದೆ. ಮೊದಲು ಬೇರೆ ಅಳತೆಗೆ ಸುರಿದು, ಅಲ್ಲಿಂದ ಕೋಣೆಗೆ.

ಗುರಿಕಾರರ ಪೆಟ್ಟಿಗೆಯಲ್ಲಿ ರವೆ ಇರುತ್ತದೆ ಎಂಬುದು ಗೊತ್ತೇ? ಹೌದು, ಉಪ್ಪಿಟ್ಟಿನ ರವೆ. ಮದ್ದು ಕಡಿಮೆ ಹಾಕಿದಾಗ ಗುಂಡು ಕೋಣೆಯ ಆಳಕ್ಕೆ ಇಳಿದುಬಿಡುತ್ತದೆ. ಅಲ್ಲಿಂದ ನಳಿಗೆಯ ಬಾಯಿಗೆ ಹಾರುವ ದೂರ ಹೆಚ್ಚಿದಷ್ಟೂ ಗುರಿ ಚದುರುತ್ತದೆ. ಮದ್ದಿನ ಮೇಲೆ ಒಂದಿಷ್ಟು ರವೆ ಸುರಿದರೆ ಗುಂಡು ಬಾಯಿಯ ಹತ್ತಿರ ನಿಲ್ಲುತ್ತದೆ. ಗುಂಡಿನ ಮೇಲೆ ಜೇನುಮೇಣ ಬೆರೆಸಿದ ಜಿಡ್ಡು ಸವರುವುದು ಮಸಿ ಮೆತ್ತಗಿರಲಿ ಎಂದು.

ಒಂದು ಕೋಣೆಗೆ ಹೊತ್ತಿಸಿದ ಬೆಂಕಿ ಪಕ್ಕದ ಕೋಣೆಗಳಿಗೂ ಹಾರಿ ಹಲವು ಈಡು ಒಟ್ಟಿಗೆ ಸಿಡಿಯುವುದುಂಟು. ಇದಕ್ಕೆ ಚೈನ್ ಫೈರ್ ಎಂದು ಹೆಸರು. ಗುಂಡು ಸಡಿಲವಾಗಿದ್ದರೆ ಬೆಂಕಿ ಮುಂದಿನಿಂದ ನುಗ್ಗುತ್ತದೆ, ಕೇಪು ಸಡಿಲವಾಗಿದ್ದರೆ ಹಿಂದಿನಿಂದ. ಅಂದರೆ ಎಲ್ಲ ಬಿಗಿಯ ವಿಷಯ.

ಇಂದಿನ ಹೊಗೆಯಿಲ್ಲದ ಮದ್ದನ್ನು ಇಂಥ ಆಯುಧಕ್ಕೆ ಒಂದು ಚಿಟಿಕೆಯೂ ಹಾಕಬಾರದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಕಂಡುಹಿಡಿದ ಆ ಜಾತಿಯ ಮದ್ದಿನ ಒತ್ತಡವೇ ಬೇರೆ. ಕರಿಮದ್ದಿಗೆಂದು ಮಾಡಿದ ಗುಂಡಿನ ಮನೆ ಒಡೆದು ಕೈ ಹೋಗುತ್ತದೆ.

ಹೊಸದಾಗಿ ಮಾಡಿದ ಹಳೆಯ ರಿವಾಲ್ವರ್‌ಗಳ ತವರು ಅಮೆರಿಕ ಅಲ್ಲ, ಇಟಲಿ. ಅಂತರ್ಯುದ್ಧದ ನೂರನೆಯ ವರ್ಷ ಹತ್ತಿರವಾದಾಗ ವಾಲ್ ಫೋರ್ಗೆಟ್ ಎಂಬ ಅಮೆರಿಕನ್ ವ್ಯಾಪಾರಿ 1851ರ ನೇವಿ ಕೋಲ್ಟ್‌ನ ಪ್ರತಿರೂಪ ಮಾಡಿಸಲು ಬ್ರೆಶಾ ಸೀಮೆಗೆ ಹೋದ. ಅಲ್ಲಿನ ಗಾರ್ದೋನೆ ಊರು ಶತಮಾನಗಳಿಂದ ಕೋವಿ ಕಮ್ಮಾರರ ನೆಲೆ. 1959ರಲ್ಲಿ ಆಲ್ಡೊ ಉಬೆರ್ತಿಯ ಕಾರ್ಖಾನೆ ಶುರುವಾಯಿತು, ಆಮೇಲೆ ಪಿಯೆಟ್ಟಾ ಬಂತು. ಜಗತ್ತಿನ ಬಹುಪಾಲು ಪ್ರತಿರೂಪ ರಿವಾಲ್ವರ್‌ಗಳು ಈಗಲೂ ಅಲ್ಲಿಂದಲೇ ಬರುತ್ತವೆ.

ಪೆಟ್ಟಿಗೆಯಿಂದ ತೆಗೆದ ಪ್ರತಿರೂಪ ರಿವಾಲ್ವರ್ ಪೂರ್ತಿ ಮುಗಿದ ಸಾಮಾನಲ್ಲ. ಕೈಯಲ್ಲಿ ಕೂರಿಸುವ ಕೆಲಸ ಬಾಕಿ ಇರುತ್ತದೆ. ಪೀಣ್ಯದ ಟೂಲ್‌ರೂಮಿನಲ್ಲಿ ವರ್ಷಗಟ್ಟಲೆ ಅರ ಹಿಡಿದವನಾಗಿ ನನಗೆ ಈ ವಿಷಯದಲ್ಲಿ ತುಂಬ ಹಿಡಿಸುವುದು ಈ ಭಾಗವೇ, ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಕೋಲ್ಟ್ ಮಾದರಿಗೆ ಮೇಲೆ ಪಟ್ಟಿ ಇಲ್ಲ. ನಳಿಗೆಯನ್ನು ದೇಹಕ್ಕೆ ಹಿಡಿದಿಡುವುದು ನಡುವಿನ ಆರ್ಬರ್ ಎಂಬ ಕಡ್ಡಿ ಮತ್ತು ಅದರ ಮೂಲಕ ಅಡ್ಡ ಹೊಡೆಯುವ ಒಂದು ಬೆಣೆ, ಇಷ್ಟೇ. ನೇಗಿಲಿಗೂ ಎತ್ತಿನ ಗಾಡಿಗೂ ಹೊಡೆಯುತ್ತಿದ್ದ ಬೆಣೆಯ ತತ್ವ. ಆರ್ಬರ್ ನಳಿಗೆಯ ತೂತಿನ ತಳ ಮುಟ್ಟುವಷ್ಟು ಉದ್ದ ಇರಬೇಕು. ಕೆಲವು ಪ್ರತಿರೂಪಗಳಲ್ಲಿ ಅದು ಒಂದಿಷ್ಟು ಗಿಡ್ಡ. ಆಗ ಬೆಣೆ ಹೊಡೆದಷ್ಟೂ ನಳಿಗೆ ವಾಲುತ್ತದೆ. ಗುಂಡಿನ ಮನೆಗೂ ನಳಿಗೆಗೂ ನಡುವಿನ ಸಂದು ಪ್ರತಿ ಸಲ ಬಿಚ್ಚಿ ಜೋಡಿಸಿದಾಗ ಬೇರೆಯಾಗುತ್ತದೆ. ತಳದಲ್ಲಿ ಸರಿಯಾದ ದಪ್ಪದ ಒಂದು ಉಕ್ಕಿನ ಬಿಲ್ಲೆ ಕೂರಿಸಿದರೆ ರೋಗ ವಾಸಿ. ಎಷ್ಟು ದಪ್ಪ ಎಂಬುದನ್ನು ಫೀಲರ್ ಗೇಜ್ ಹೇಳುತ್ತದೆ, ಆದರೆ ಮುಟ್ಟಿತೇ ಇಲ್ಲವೇ ಎಂಬುದನ್ನು ನಂಬಿಕೆಯಿಂದ ಹೇಳುವುದು ಬೆರಳು.

ಆ ಸಂದು ಎಷ್ಟಿರಬೇಕು? ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಆಚೀಚೆ. ಹೆಚ್ಚಾದರೆ ಬಲ ಪಕ್ಕಕ್ಕೆ ಸೋರುತ್ತದೆ, ತೀರ ಕಡಿಮೆಯಾದರೆ ನಾಲ್ಕು ಈಡಿನಲ್ಲಿ ಮಸಿ ಕಟ್ಟಿ ಗುಂಡಿನ ಮನೆ ತಿರುಗುವುದೇ ನಿಲ್ಲುತ್ತದೆ.

ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ. ಕೆಲವು ಪ್ರತಿರೂಪಗಳಲ್ಲಿ ಕೋಣೆಗಳ ವ್ಯಾಸ ನಳಿಗೆಯ ಒಳಗಾಡಿಯ ವ್ಯಾಸಕ್ಕಿಂತ ಕಡಿಮೆ. ಕೋಣೆಯಲ್ಲಿ ಬಿಗಿಯಾಗಿ ಕೂತ ಗುಂಡು ನಳಿಗೆಗೆ ಬರುವಷ್ಟರಲ್ಲಿ ಸಡಿಲ. ಆರೂ ಕೋಣೆಗಳನ್ನು ರೀಮರ್ ಹಾಕಿ ಒಂದೇ ಅಳತೆಗೆ ತಂದು, ಬಾಯಿಯಂಚನ್ನು ಸ್ವಲ್ಪ ಮುರಿದರೆ ಗುರಿ ಒಮ್ಮೆಗೇ ಸುಧಾರಿಸುತ್ತದೆ.

ಗುಂಡಿನ ಮನೆಯನ್ನು ತಿರುಗಿಸುವುದು ಒಂದು ಪುಟ್ಟ ಉಕ್ಕಿನ ಪಟ್ಟಿ, ಹಲ್ಲುಗಳನ್ನು ಒಂದೊಂದಾಗಿ ನೂಕುತ್ತದೆ. ಸರಿಯಾದ ಜಾಗಕ್ಕೆ ಬಂದೊಡನೆ ಅಗುಳಿ ಮೇಲೆದ್ದು ಗೀರಿನೊಳಗೆ ಬೀಳಬೇಕು. ಕುದುರೆ ಪೂರ್ತಿ ಹಿಂದೆ ಬರುವ ಗಳಿಗೆಯೂ ಅಗುಳಿ ಬೀಳುವ ಗಳಿಗೆಯೂ ಒಂದೇ ಆಗಿರಬೇಕು. ಬೇಗ ಬಿದ್ದರೆ ಲೋಹದ ಮೇಲೆ ಗೀಚು, ತಡವಾದರೆ ಗುಂಡು ನಳಿಗೆಯ ಅಂಚಿಗೆ ತಾಗಿ ಸೀಸ ಉಗುಳುತ್ತದೆ. ಗಡಿಯಾರ ರಿಪೇರಿ ಮಾಡುವವರು ಇದನ್ನು ಕೇಳಿದೊಡನೆ ತಲೆಯಾಡಿಸುತ್ತಾರೆ. 1961ರಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ಕೈಗಡಿಯಾರ ಮಾಡಲು ತೊಡಗಿದಾಗಿನಿಂದ ಈ ತುಮಕೂರು ರಸ್ತೆಯುದ್ದಕ್ಕೂ ಹಲ್ಲು, ಸ್ಪ್ರಿಂಗು, ಅಗುಳಿಗಳ ಭಾಷೆ ಬಲ್ಲ ಕೈಗಳು ಬೆಳೆದವು. ಗಾರ್ದೋನೆಯ ಕಮ್ಮಾರನ ಪಕ್ಕ ನಮ್ಮ ಫಿಟ್ಟರ್ ಒಬ್ಬನನ್ನು ಕೂರಿಸಿದರೆ ಇಬ್ಬರಿಗೂ ದುಭಾಷಿ ಬೇಕಾಗುವುದಿಲ್ಲ.

ಸಿಡಿದ ಕೇಪಿನ ತಾಮ್ರದ ಚೂರು ಯಂತ್ರದೊಳಗೆ ಬಿದ್ದು ಕುದುರೆ ಸಿಕ್ಕಿಕೊಳ್ಳುವುದು ಕೋಲ್ಟ್‌ನ ಹಳೆಯ ಕಾಯಿಲೆ. ಕುದುರೆ ಏಳುವಾಗ ನಳಿಗೆಯನ್ನು ಆಕಾಶಕ್ಕೆ ತಿರುಗಿಸುತ್ತಿದ್ದರು, ಚೂರು ಹಿಂದಕ್ಕೆ ಉದುರಲಿ ಎಂದು. ಕೇಪಿಗೆ ಸರಿಹೊಂದುವ ತೂಬು ಹಾಕಿಸುವುದು ಅದಕ್ಕಿಂತ ಒಳ್ಳೆಯ ಪರಿಹಾರ.

ಕೋಲ್ಟ್‌ನ ಹಿಂಗುರಿ ಎಲ್ಲಿರುತ್ತದೆ ಗೊತ್ತೇ? ಕುದುರೆಯ ತುದಿಯಲ್ಲಿ ಕೊರೆದ ಒಂದು ಗೀರು! ಕುದುರೆ ಎಳೆದಾಗ ಮಾತ್ರ ಕಾಣುತ್ತದೆ. 25 ಮೀಟರಿನಲ್ಲಿ ಗುಂಡು ಮೇಲೆ ಹೋಗಿ ಬೀಳುತ್ತದೆ. ಮುಂದಿನ ಗುರಿಮಣಿಯನ್ನು ಎತ್ತರಿಸುವುದೇ ದಾರಿ.

ಬಾಯಿಯಿಂದ ತುಂಬುವ ಕೋವಿಗಳಿಗೆ ವಿಶ್ವ ಚಾಂಪಿಯನ್‌ಷಿಪ್ ಇದೆ. ಸಂಘಟನೆಯ ಹೆಸರು ಎಂಎಲ್‌ಎಐಸಿ. ಕೊಡುವುದು 30 ನಿಮಿಷ, ಹೊಡೆಯುವುದು 13 ಈಡು, ಲೆಕ್ಕಕ್ಕೆ ಬರುವುದು ಒಳ್ಳೆಯ 10. ಹಳೆಯ ಆಯುಧ ಮೂರು ಸಲ ಮುನಿಸಿಕೊಳ್ಳಬಹುದು ಎಂಬುದಕ್ಕೆ ನಿಯಮದಲ್ಲೇ ಜಾಗ ಇಟ್ಟಿದ್ದಾರೆ!

ಅಮೆರಿಕದ ಕೇಂದ್ರ ಕಾನೂನು ಇಂಥ ಪ್ರತಿರೂಪವನ್ನು ಪುರಾತನ ವಸ್ತುವೆಂದು ಎಣಿಸುತ್ತದೆ. ನಮ್ಮಲ್ಲಿ ಹಾಗಲ್ಲ. ಹೊಡೆಯಬಲ್ಲದ್ದಾದರೆ ಅದು ಬಂದೂಕೇ, 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಬೇಕೇ ಬೇಕು. ಮದ್ದಿಗೆ ಸ್ಫೋಟಕ ಕಾನೂನು ಬೇರೆ. ಮನೆಯಲ್ಲಿ ಅರೆದು ನೋಡುವ ಆಸೆ ಯಾರಿಗೂ ಬೇಡ, ಅರೆಯುವಾಗಲೇ ಜೀವ ಹೋದವರಿದ್ದಾರೆ.

ಹಾಗಾದರೆ ಬಾಯಿಯಿಂದ ಕರಿಮದ್ದು ತುಂಬಿ ಹೊಡೆಯುವುದನ್ನು ನಾವು ಕಣ್ಣಾರೆ ನೋಡುವುದು ಎಲ್ಲಿ? ಮೈಸೂರಿನಲ್ಲಿ, ವಿಜಯದಶಮಿಯಂದು. ಅರಮನೆಯಲ್ಲಿ ನಾಡದೇವಿಗೆ ಪುಷ್ಪಾರ್ಚನೆ ಆಗುವಾಗ 7 ಫಿರಂಗಿಗಳಿಂದ 21 ಕುಶಾಲತೋಪು ಹಾರುತ್ತದೆ. ರಾಷ್ಟ್ರಗೀತೆ ಮುಗಿಯುವುದರೊಳಗೆ ಎಲ್ಲವೂ ಆಗಬೇಕು. ಹೊಡೆಯುವವರು ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು. ವಾರಗಳ ಮೊದಲೇ ತಾಲೀಮು, ಆನೆ ಕುದುರೆಗಳಿಗೆ ಸದ್ದು ರೂಢಿಯಾಗಲೆಂದು ಅವನ್ನೂ ಕರೆತರುತ್ತಾರೆ. ಒಂದು ತೋಪು ಹಾರಿದ ಮೇಲೆ ಒದ್ದೆ ಬಟ್ಟೆ ಸುತ್ತಿದ ಕೋಲನ್ನು ನಳಿಗೆಯೊಳಗೆ ತಳ್ಳಿ ತಿರುವುತ್ತಾರಲ್ಲ, ಅದು ಉಳಿದ ಕಿಡಿ ಆರಿಸಲು. ರಿವಾಲ್ವರಿನವನು ಡಬ್ಬಿಯಿಂದ ನೇರ ಸುರಿಯದಿರುವುದೂ ಇದೇ ಕಿಡಿಯ ಹೆದರಿಕೆಗೆ.

ಮಸಿಗೆ ತೇವ ಎಳೆಯುವ ಗುಣ. ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು. ಇದಕ್ಕೆ ಎಣ್ಣೆಗಿಂತ ಮೊದಲು ಬೇಕಾದದ್ದು ಬಿಸಿನೀರು ಮತ್ತು ಸಾಬೂನು, ಏಕೆಂದರೆ ಮಸಿಯ ಹೆಚ್ಚಿನ ಭಾಗ ನೀರಿನಲ್ಲಿ ಕರಗುವ ಉಪ್ಪು. ಮಲೆನಾಡಿನ ನಮ್ಮ ಅಜ್ಜನ ಮನೆಯಲ್ಲಿ ಕೇಪಿನ ಕೋವಿ ತೊಳೆದ ನೀರು ಕೊಳೆತ ಮೊಟ್ಟೆಯಂತೆ ನಾರುತ್ತಿತ್ತು. ಅದು ಗಂಧಕದ ವಾಸನೆ ಎಂದು ಎಷ್ಟೋ ವರ್ಷದ ಮೇಲೆ ತಿಳಿಯಿತು. ತೊಳೆದ ಮೇಲೆ ಅಜ್ಜ ನಳಿಗೆಯನ್ನು ಒಲೆಯ ಪಕ್ಕ ಒರಗಿಸಿ, ಪೂರ್ತಿ ಒಣಗಿದ ಮೇಲೆಯೇ ಎಣ್ಣೆ ಹಚ್ಚುತ್ತಿದ್ದರು.

ಟಿಪ್ಪುವಿನ ಕಾರ್ಖಾನೆಗಳಲ್ಲಿ ಪಿಸ್ತೂಲುಗಳನ್ನು ಜೋಡಿಯಾಗಿ ಮಾಡುವಾಗ ಒಂದಕ್ಕೆ ಚಕಮಕಿಯ ಯಂತ್ರ ಬಲಗಡೆ, ಇನ್ನೊಂದಕ್ಕೆ ಎಡಗಡೆ ಇಟ್ಟದ್ದುಂಟು. ಕನ್ನಡಿಯ ಪ್ರತಿಬಿಂಬದಂತೆ! ಎಡಗೈಗೂ ಬಲಗೈಗೂ ಬೇರೆ ಬೇರೆ.

ಶ್ರೀರಂಗಪಟ್ಟಣದ ಟಿಪ್ಪು ಕಾಲದ ಶಸ್ತ್ರಾಗಾರವೊಂದು ರೈಲು ಜೋಡಿಮಾರ್ಗಕ್ಕೆ ಅಡ್ಡ ಬಂದಿತ್ತು. 2017ರಲ್ಲಿ ಸುಮಾರು 1,000 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಇಡಿಯಾಗಿ ಎತ್ತಿ, ಸುಮಾರು 130 ಮೀಟರ್ ಸರಿಸಿದರು.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಒಂದು ಪಾಳು ಬಾವಿಯಿಂದ ಟಿಪ್ಪು ಕಾಲದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಅಗೆದ ಮಣ್ಣಿಗೆ ಮದ್ದಿನ ವಾಸನೆ ಇತ್ತು, ಎರಡು ಶತಮಾನದ ನಂತರವೂ.

1857ರಲ್ಲಿ ಕಂಪನಿ ಸರ್ಕಾರ ಆಯುಧ ಒಪ್ಪಿಸಬೇಕೆಂಬ ಕಾಯ್ದೆ ತಂದಿತು. ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ನವೆಂಬರ್ ಕೊನೆಯಲ್ಲಿ ಸೈನ್ಯ ಊರನ್ನು ಸುಟ್ಟಿತು, ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿತು. ಜಡಗ, ಬಾಲ, ಹನುಮ, ರಾಮರ ಹೆಸರು ಲಾವಣಿಯಲ್ಲಿ ಉಳಿದು ಇಂದಿನ ಶಾಲೆಯ ಮಕ್ಕಳವರೆಗೆ ಬಂದಿದೆ.

ಹಲಗಲಿ ಉರಿದ ನಾಲ್ಕೇ ವರ್ಷಕ್ಕೆ, 1861ರಲ್ಲಿ, ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ನಿಶ್ಶಸ್ತ್ರೀಕರಣದಿಂದ ಹೊರಗಿಟ್ಟ. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವನೇ ಈತ. ಒಂದು ಕಡೆ ಕೋವಿ ಕೊಡದಿದ್ದಕ್ಕೆ ನೇಣು, ಇನ್ನೊಂದು ಕಡೆ ನಿಷ್ಠೆಗೆ ಮೆಚ್ಚಿ ಕೋವಿಗೆ ವಿನಾಯಿತಿ. ಇವೆರಡನ್ನೂ ಒಟ್ಟಿಗೆ ಓದಿದಾಗ ನನಗೆ ಹಲಗಲಿಯ ನೋವು ಇನ್ನಷ್ಟು ಆಳಕ್ಕೆ ಇಳಿಯುತ್ತದೆ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿ ಹಿಡುವಳಿದಾರರಿಗೂ ಇರುವ ವಿನಾಯಿತಿ ಈಗಲೂ ಜಾರಿಯಲ್ಲಿದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು.

ಚುನಾವಣೆ ಘೋಷಣೆಯಾದೊಡನೆ ಮಲೆನಾಡಿನ ರೈತರು ಕೋವಿಯನ್ನು ಪೊಲೀಸ್ ಠಾಣೆಗೆ ಒಪ್ಪಿಸಬೇಕಾಗುತ್ತದೆ. ತೋಟಕ್ಕೆ ಬರುವ ಹಂದಿ, ಮಂಗಗಳಿಗೆ ನೀತಿಸಂಹಿತೆ ಇಲ್ಲವಲ್ಲ ಎಂಬ ಅವರ ಸಂಕಟ ನ್ಯಾಯವಾದದ್ದು.

ಕೊಡವ ಭಾಷೆಯಲ್ಲಿ ಕೋವಿ ಎಂದರೆ ತೋಕ್. ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದಲ್ಲಿ ಐನ್‌ಮನೆಯ (ಮನೆತನದ ಮೂಲಮನೆಯ) ಕೋವಿಗಳನ್ನು ತೊಳೆದು ಸಾಲಾಗಿ ಇಟ್ಟು ಪೂಜಿಸುತ್ತಾರೆ. ಮುಡಿಸುವ ಹೂವಿನ ಹೆಸರೇ ತೋಕ್ ಪೂ, ಕೋವಿ ಹೂವು. ನಾವು ಅಗ್ನಿಶಿಖೆ ಎನ್ನುವ, ಬೆಂಕಿಯ ನಾಲಿಗೆಯಂಥ ಕೆಂಪು ಹಳದಿ ಎಸಳಿನ ಹೂವು. ಮಧ್ಯಾಹ್ನ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ ಹುಣ್ಣಿಮೆಯ ಬೆಳಕಿನಲ್ಲಿ ಹೊಸ ಕದಿರು ಕುಯ್ಯುವಾಗ ಗದ್ದೆಯಲ್ಲಿ ಒಂದು ಈಡು ಹಾರುತ್ತದೆ. ಮನೆಯಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಿಂದ ಒಂದು ಈಡು. ಒಂದರ ಹಿಂದೆಯೇ ಇನ್ನೊಂದು ಕೇಳಿಸಿತೆಂದರೆ ನೆರೆಯ ಗುಡ್ಡದ ಮನೆಯವರು ಕೈಯ ಕೆಲಸ ಬಿಟ್ಟು ಆ ಕಡೆ ನಡೆಯುತ್ತಾರೆ. ಎರಡು ಈಡು ಎಂದರೆ ಅಲ್ಲಿ ಯಾರೋ ತೀರಿಕೊಂಡಿದ್ದಾರೆ.